ಪಕ್ಕದ ಮನೆಯ ಹಗ್ಗ

ಜೂನ್ ೪, ಮಂಗಳವಾರ

ಬಂದು ತಲುಪಿದೆ. ಇದನ್ನು ಮನೆ ಎಂದು ಬರೆಯಲು ಕೈ ಬರುತ್ತಿಲ್ಲ, ಡಬ್ಬಿ ಎನ್ನುತ್ತೇನೆ. ಖಾಲಿ ಎಣ್ಣೆ ಪೀಪಾಯಿಗಳ ಮೇಲೆ ಹಲಗೆ, ಹಲಗೆಯ ಮೇಲೆ ತಗಡು, ತಗಡಿನೊಳಗೆ ನನ್ನ ತಮ್ಮ. ಈ ಸರಂಜಾಮೆಲ್ಲ ನದಿಯ ಮೇಲೆ ತೇಲುತ್ತಿದೆ. ದಡದ ಒಡ್ಡಿನಲ್ಲಿ ಒಂದು ಕಬ್ಬಿಣದ ಗೂಟ, ಗೂಟಕ್ಕೆ ಸುತ್ತಿದ ಒಂದು ಹಗ್ಗ, ಅಷ್ಟೇ ಆಧಾರ. ಹೀಗೆ ಸಾಲಾಗಿ ಇಪ್ಪತ್ತು ಚಿಲ್ಲರೆ ಡಬ್ಬಿಗಳಿವೆ. ಒಡ್ಡಿನ ಆಚೆಗೆ ಮರ್ಯಾದಸ್ಥರ ಊರು, ಈಚೆಗೆ ಇವರು.

ತಮ್ಮ ಬೋರ್ಡು ಬರೆಯುವ ಪೇಂಟರ್ ಆಗಿದ್ದವನು. ಮುಚ್ಚಿಹೋದ ಅಂಗಡಿಗಳ ಬೋರ್ಡುಗಳನ್ನು ಹೊತ್ತು ತಂದು ಇಲ್ಲಿನವರಿಗೆಲ್ಲ ಗೋಡೆ ಮಾಡಿಕೊಟ್ಟಿದ್ದಾನೆ. ಹಾಗಾಗಿ ಅವನ ಡಬ್ಬಿಯ ಮುಂಗೋಡೆಯ ಮೇಲೆ 'ಹೆರಿಗೆ ಮತ್ತು ಸ್ತ್ರೀರೋಗ' ಎಂದಿದೆ. ಪಕ್ಕದ ಲೆಕ್ಕದ ಟೀಚರಮ್ಮನ ಗೋಡೆ 'ಇಲ್ಲಿ ಮೂತ್ರ ವಿಸರ್ಜನೆ ಮಾಡಬಾರದು'. ಆಕೆಗೆ ಎಪ್ಪತ್ತಾಗಿರಬೇಕು. ಅದರ ಕೆಳಗೇ ಕಾಲು ಚಾಚಿ ಕೂತು ಸಿಗರೇಟು ಸೇದುತ್ತಾಳೆ.

ತಮ್ಮ ಎಡಗೈಯಲ್ಲಿ ನನ್ನ ಪೆಟ್ಟಿಗೆ ಇಸಕೊಂಡ. ಬಲಗೈ ಜೇಬು ಬಿಟ್ಟು ಹೊರಗೆ ಬರಲಿಲ್ಲ. ಹೋದ ವರ್ಷ ಫೋನಿನಲ್ಲಿ "ಕೈ ಮೇಲೆ ಮಲಗಿಬಿಟ್ಟಿದ್ದೆ, ಜೋಮು ಹಿಡಿದಿದೆ" ಎಂದಿದ್ದ. ವರ್ಷಗಟ್ಟಲೆ ಹಿಡಿಯುವ ಜೋಮನ್ನು ನಾನು ಎಲ್ಲೂ ಕಂಡಿಲ್ಲ. ಹಾಸ್ಟೆಲ್ ವಾರ್ಡನ್ ಆಗಿ ಮೂವತ್ತು ವರ್ಷ ಹುಡುಗಿಯರ ಸುಳ್ಳು ಕೇಳಿದವಳು ನಾನು, ಇವನ ಸುಳ್ಳು ಯಾವ ಲೆಕ್ಕ. ಇವನನ್ನು ಎತ್ತಿಕೊಂಡು ನನ್ನ ಫ್ಲಾಟಿಗೆ ಒಯ್ಯದೆ ಇಲ್ಲಿಂದ ಕದಲುವುದಿಲ್ಲ.

ಜೂನ್ ೫, ಬುಧವಾರ

ಬೆಳಿಗ್ಗೆಯೇ ವಿಷಯ ತೆಗೆದೆ.

"ನಾಳೆ ಹೊರಡೋಣ. ಮೂರನೇ ಮಹಡಿ, ಲಿಫ್ಟ್ ಇದೆ. ನಲ್ಲೀಲಿ ಬಿಸಿನೀರು ಬರುತ್ತೆ. ಆಸ್ಪತ್ರೆ ಎದುರಿಗೇ ಇದೆ."

"ಎದುರಿಗೇ ಇದ್ರೆ ದಿನಾ ಏನಾದ್ರೂ ಆಗ್ಬೇಕು ಅನ್ಸುತ್ತೆ ಅಕ್ಕ. ಟೀ ಕುಡಿ."

ಮಧ್ಯಾಹ್ನದವರೆಗೂ ಕಿತ್ತಾಡಿದೆವು. ಅವನು ಗೆಲ್ಲಲಿಲ್ಲ, ನಾನೂ ಗೆಲ್ಲಲಿಲ್ಲ. ಕೊನೆಗೆ ಅವನೇ ಒಂದು ಮಾತು ಕೊಟ್ಟ. "ಈ ಸಲದ ನೆರೆ ಬಂದು ಇಳಿಯೋವರೆಗೂ ನನ್ ಜೊತೆ ಇರು. ಆಮೇಲೂ ನೀನು ಬಾ ಅಂದ್ರೆ ಬಾಯಿ ಮುಚ್ಕೊಂಡು ಬರ್ತೀನಿ."

ಇವನಲ್ಲಿ ನೂರೆಂಟು ಐಬುಗಳಿವೆ, ಆದರೆ ಆಡಿದ ಮಾತಿಗೆ ತಪ್ಪಿದವನಲ್ಲ. ಒಪ್ಪಿಕೊಂಡೆ. ಇದೊಂದು ಮಳೆಗಾಲ ಹಲ್ಲು ಕಚ್ಚಿಕೊಂಡಿದ್ದರೆ ಕೆಲಸವಾಯಿತು.

ಡಬ್ಬಿ ಇಡೀ ದಿನ ತೂಗಾಡುತ್ತದೆ, ಗೋಡೆ ಹಿಡಿಯದೆ ನಡೆಯಲಾಗದು. ಶೌಚಾಲಯ ಹಿಂಬದಿಗೆ, ಪ್ರತ್ಯೇಕ ಪೀಪಾಯಿಗಳ ಮೇಲೆ, ಎರಡು ಸರಪಳಿಯಿಂದ ಡಬ್ಬಿಗೆ ಜೋತುಕೊಂಡಿದೆ. ಅದರ ಬಾಗಿಲಿಗೆ ತಮ್ಮ ಹಾಕಿರುವ ಬೋರ್ಡು 'ಶಾಖಾ ಕಚೇರಿ'. ಕೊಳಕು ನದಿಗೆ ಹೋಗುವುದಿಲ್ಲವಂತೆ, ಕೆಳಗೆ ಬೇರೆ ವ್ಯವಸ್ಥೆ ಇದೆಯಂತೆ. ಬಗ್ಗಿ ನೋಡಿ ಖಚಿತಪಡಿಸಿಕೊಳ್ಳುವ ಉತ್ಸಾಹ ನನಗಿಲ್ಲ.

ಜೂನ್ ೯, ಭಾನುವಾರ

ಅನಾಹುತ. ಮಾಡಿದವಳು ನಾನೇ.

ತೂಗಾಟ ತಡೆಯಲಾರದೆ ನಿನ್ನೆ ಸಂಜೆ ತಮ್ಮ ಇಲ್ಲದ ಹೊತ್ತು ನೋಡಿ ಒಡ್ಡಿಗೆ ಹೋದೆ. ನಮ್ಮ ಹಗ್ಗವನ್ನು ಜಗ್ಗಿ ಗೂಟಕ್ಕೆ ಇನ್ನೆರಡು ಸುತ್ತು ಸುತ್ತಿ, ರಜೆಗೆ ಹೋಗುವ ಹುಡುಗಿಯರ ಹಾಸಿಗೆಗೆ ಹಾಕುತ್ತಿದ್ದ ಗಂಟು ಹಾಕಿದೆ. ಡಬ್ಬಿ ಮಿಸುಕದೆ ನಿಂತಿತು. ನನ್ನ ಬೆನ್ನು ನಾನೇ ತಟ್ಟಿಕೊಂಡು ಮಲಗಿದೆ. ಮೇಲೆಲ್ಲೋ ಮಳೆಯಾಗಿ ಬೆಳಗಾಗುವಷ್ಟರಲ್ಲಿ ನೀರು ಒಂದು ಮೊಳ ಏರಿತ್ತು. ಹಗ್ಗ ಬಿಗಿಯಾಗಿದ್ದ ಕಡೆ ಡಬ್ಬಿ ಏರಲಾಗದೆ ಅಲ್ಲೇ ಉಳಿದು, ಇನ್ನೊಂದು ಕಡೆ ಮಾತ್ರ ಎದ್ದು ನಿಂತಿತು. ಎಚ್ಚರವಾದಾಗ ನನ್ನ ತಲೆ ಮೂಲೆಯಲ್ಲಿತ್ತು, ಕಾಲು ಮೇಲಿತ್ತು. ಪಾತ್ರೆಗಳು, ಬಣ್ಣದ ಡಬ್ಬಗಳು, ಹಲ್ಲಿನ ಸೆಟ್ಟು ಇಟ್ಟ ಲೋಟ, ಎಲ್ಲವೂ ನನ್ನನ್ನು ನೋಡಲು ಬಂದಿದ್ದವು.

ಕೆಳಬದಿಯ ಪಕ್ಕದ ಮೆಕ್ಯಾನಿಕ್ ಬಂದು ಗಂಟನ್ನು ಚಾಕುವಿನಿಂದ ಕೊಯ್ದ. ಬಾತುಕೋಳಿ ಸಾಕಿಕೊಂಡಿರುವ ದಪ್ಪ ಆಸಾಮಿ.

"ಹಗ್ಗ ಯಾರು ಮುಟ್ಟಿದ್ದು?" ಎಂದು ಮೆಲ್ಲಗೆ ಕೇಳಿದ.

"ನಾನು. ನಮ್ಮ ಮನೆ ಹಗ್ಗ ನಾವು ಮುಟ್ಟಬಾರದಾ?"

"ಮುಟ್ಟಬಾರದು. ನಿಮ್ಮದು ನನ್ನ ಕೈಲಿರುತ್ತೆ. ಟೀಚರಮ್ಮಂದು ನಿಮ್ಮ ತಮ್ಮನ ಕೈಲಿ. ವಾಲಿರೋ ಮನೆ ಒಳಗಿರೋರಿಗೆ ವಾಲಿದ್ದು ಗೊತ್ತಾಗಲ್ಲಮ್ಮ, ಪಕ್ಕದೋರಿಗೆ ಗೊತ್ತಾಗುತ್ತೆ."

ಇದು ಇವರ ಕಾನೂನು. ಒಬ್ಬೊಬ್ಬರೂ ಮೇಲ್ಬದಿಯ ಪಕ್ಕದ ಮನೆಯ ಹಗ್ಗ ಕಾಯಬೇಕು. ನೀರು ಏರಿದರೆ ಒಂದು ಸುತ್ತು ಬಿಡಬೇಕು, ಇಳಿದರೆ ಸುತ್ತಬೇಕು. ಸ್ವಂತ ಹಗ್ಗಕ್ಕೆ ಕೈ ಹಾಕುವುದು ಇಲ್ಲಿ ನಾಲ್ಕು ಜನರ ಎದುರು ಮೂಗಿನಲ್ಲಿ ಬೆರಳಿಟ್ಟುಕೊಂಡಷ್ಟು ಅಸಹ್ಯ. ದಿನವಿಡೀ ಸಾಲಿನ ಜನ ಬಂದು ನನ್ನನ್ನು ನೋಡಿಕೊಂಡು ಹೋದರು. ತಮ್ಮ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕ, ಆ ಹೊತ್ತಿನಲ್ಲೂ ಒಂದೇ ಕೈಯಲ್ಲಿ ಹಿಡಿದುಕೊಂಡು.

ಜೂನ್ ೨೧, ಶುಕ್ರವಾರ

ಅವನ ಜುಟ್ಟು ಕೈಗೆ ಸಿಕ್ಕಿತು.

ತಲೆಗೆ ಬಣ್ಣ ಹಾಕಿಸಲು ಕ್ಷೌರಿಕನ ಡಬ್ಬಿಗೆ ಹೋಗಿದ್ದೆ. ಇಲ್ಲಿಗೆ ಅವನೇ ಅಧ್ಯಕ್ಷ. ಸಾಲಿನ ಸಭೆಗಳೆಲ್ಲ ಅವನ ಬೆಂಚಿನ ಮೇಲೆ ನಡೆಯುತ್ತವೆ, ಕತ್ತಿ ಅವನ ಕೈಯಲ್ಲಿ ಇರುವುದರಿಂದ ಯಾರೂ ಬಾಲ ಬಿಚ್ಚುವುದಿಲ್ಲ. ನಾನು ಏನೂ ತಿಳಿಯದವಳ ಹಾಗೆ ಕೇಳಿದೆ: "ಯಾರಿಗಾದ್ರೂ ಹಗ್ಗ ಹಿಡಿಯೋಕೆ ಆಗದಿದ್ರೆ?"

"ಹಿಡಿಯೋ ಕೈ ಇಲ್ಲದ ಮನೆ ಸಾಲಲ್ಲಿ ಇರೋಹಾಗಿಲ್ಲ. ಒಂದು ಹಗ್ಗ ತಪ್ಪಿದ್ರೆ ಕೆಳಗಿನ ಮನೆಗಳೆಲ್ಲ ಹೋಗ್ತವೆ ನೋಡಿ," ಎಂದ. ಕನ್ನಡಿಯಲ್ಲಿ ನನ್ನ ಮುಖ ನೋಡಲಿಲ್ಲ.

ಅಷ್ಟು ಸಾಕು. ನೆರೆಗೆ ಕಾಯುವುದೇಕೆ? ತಮ್ಮನ ಬಲಗೈಯಲ್ಲಿ ಟೀ ಲೋಟವೇ ನಿಲ್ಲುವುದಿಲ್ಲ, ಹಗ್ಗ ಎಲ್ಲಿಂದ ನಿಲ್ಲುತ್ತದೆ. ಒಂದು ಮಾತು ಅಧ್ಯಕ್ಷನ ಕಿವಿಗೆ ಹಾಕಿದರೆ ನಾಳೆಯೇ ಗಂಟುಮೂಟೆ. ಆದರೆ ತಲೆಯ ಮೇಲೆ ಬಣ್ಣ ಇತ್ತು, ಗಾಂಭೀರ್ಯದಿಂದ ಹೇಳುವ ಸ್ಥಿತಿಯಲ್ಲಿ ನಾನು ಇರಲಿಲ್ಲ. ಇನ್ನೊಂದು ದಿನ ಹೇಳಿದರಾಯಿತು.

ಜುಲೈ ೨, ಮಂಗಳವಾರ

ಇವತ್ತು ನೀರು ಸ್ವಲ್ಪ ಏರಿತು. ತಮ್ಮ ಟೀಚರಮ್ಮನ ಹಗ್ಗದ ಗೂಟದ ಹತ್ತಿರ ದೊರೆಯ ಹಾಗೆ ಹೋಗಿ ಕೂತ. ನಾನು ಕಿಟಕಿಯಿಂದ ನೋಡುತ್ತಿದ್ದೆ. ಎಡಗೈಯಿಂದ ಹಗ್ಗ ಎಳೆದ, ಸುತ್ತು ಬಿಚ್ಚಲು ಬಲಗೈಯನ್ನು ತಂದಿಟ್ಟ, ಬೆರಳುಗಳು ಮುಚ್ಚಲೇ ಇಲ್ಲ. ಮತ್ತೆ ಮಾಡಿದ. ಹಲ್ಲಿನಿಂದ ಕಚ್ಚಿ ನೋಡಿದ. ಆಮೇಲೆ ಎದ್ದು ಆಚೆ ಈಚೆ ನೋಡಿ, ಕೆಲಸ ಮುಗಿದವನ ಹಾಗೆ ಅಂಗಿ ಕೊಡವಿಕೊಂಡು ಕ್ಷೌರಿಕನ ಕಡೆ ನಡೆದ.

ನನಗೆ ಅಳು ಬಂತು. ಆಮೇಲೆ ಸಿಟ್ಟು ಬಂತು. ಟೀಚರಮ್ಮನ ಮನೆ ನೋಡಿದರೆ ವಾಲಿತ್ತು. ಆಕೆ ಒಳಗೆ ಕೂತು ಹಾಡಿಕೊಳ್ಳುತ್ತಿದ್ದಳು. ಅವಳು ಮುಳುಗಿದರೆ ನನ್ನ ಗಂಟೇನು ಹೋಗುತ್ತದೆ? ಆದರೆ ವಾಲಿದ ಚಿತ್ರಪಟವನ್ನೇ ಸರಿಮಾಡದೆ ಬಿಟ್ಟವಳಲ್ಲ ನಾನು. ಹೋಗಿ ಒಂದು ಸುತ್ತು ಬಿಟ್ಟು ಬಂದೆ. ಅಂಗೈ ಉರಿಯುತ್ತಿದೆ.

ತಮ್ಮ ವಾಪಸು ಬಂದು ಗೂಟ ನೋಡಿದ, ಮನೆ ನೋಡಿದ. "ಸರಿಯಾಗಿ ಬಿಟ್ಟಿದೀನಿ ಅಲ್ವಾ ಅಕ್ಕ?" ಎಂದ.

"ಪರವಾಗಿಲ್ಲ," ಎಂದೆ.

ಅಧ್ಯಕ್ಷನಿಗೆ ದೂರು ಹೇಳುವುದನ್ನು ನೆರೆ ಇಳಿದ ಮೇಲೆ ಇಟ್ಟುಕೊಂಡಿದ್ದೇನೆ. ಮಧ್ಯದಲ್ಲಿ ಹೇಳಿದರೆ ಗಲಾಟೆ.

ಜುಲೈ ೧೪, ಭಾನುವಾರ

ನಿನ್ನೆ ಫ್ಲಾಟಿಗೆ ಹೋಗಿ ಬಂದೆ. ಗಿಡಗಳು ಸತ್ತಿವೆ. ಲಿಫ್ಟಿನಲ್ಲಿ ಎದುರು ಮನೆಯಾಕೆ "ಆರಾಮಾ?" ಎಂದಳು. ಜೂನ್‌ನಿಂದ ನಾನು ಅಲ್ಲಿ ಇರಲಿಲ್ಲವೆಂಬುದು ಅವಳಿಗೆ ಗೊತ್ತೇ ಇರಲಿಲ್ಲ. ಆರಾಮ ಎಂದೆ.

ರಾತ್ರಿ ಕಣ್ಣು ಮುಚ್ಚಲಿಲ್ಲ. ಹಾಸಿಗೆ ಹಾಳಾಗಿದೆ, ಸತ್ತ ಹಾಗೆ ಬಿದ್ದಿರುತ್ತದೆ. ಬದಲಾಯಿಸಬೇಕು. ಬೆಳಗಾದೊಡನೆ ಮೊದಲ ಬಸ್ಸು ಹಿಡಿದು ಬಂದೆ. ನೀರು ಏರಿದ್ದರೆ ಟೀಚರಮ್ಮನ ಹಗ್ಗಕ್ಕೆ ಯಾರು ಗತಿ ಎಂಬ ಯೋಚನೆ ಒಂದು ಬೇರೆ. ಮನೆ ತಲುಪಿದಾಗ ತಮ್ಮ ಮೊಟ್ಟೆ ಬೇಯಿಸುತ್ತಿದ್ದ, ಎಡಗೈಯಲ್ಲಿ ಚಿಪ್ಪು ಬಿಡಿಸಿ ಅರ್ಧ ಮೊಟ್ಟೆಯನ್ನು ಚಿಪ್ಪಿನ ಜೊತೆಗೇ ಎಸೆದ. ಉಳಿದರ್ಧ ನನಗೆ ಕೊಟ್ಟ.

ಜುಲೈ ೨೮, ಭಾನುವಾರ

ಬೆಳಿಗ್ಗೆ ಸಾಲಿನ ಈ ತುದಿಯಿಂದ ಆ ತುದಿಗೆ ನಡೆದು ಯಾವ ಮನೆ ಎಷ್ಟು ವಾಲಿದೆ ನೋಡಿಕೊಂಡು ಬರುತ್ತೇನೆ. ಹಾಸ್ಟೆಲ್ಲಿನಲ್ಲಿ ಹಾಜರಿ ತೆಗೆದ ಚಾಳಿ, ಬೇರೇನಿಲ್ಲ. ವಾಲಿದ್ದರೆ ಅದರ ಹಗ್ಗ ಹಿಡಿದವರ ಬಾಗಿಲು ಬಡಿಯುತ್ತೇನೆ. ಮೆಕ್ಯಾನಿಕ್ ಈಗ ನನ್ನನ್ನು ಕಂಡರೆ ಬಾತುಕೋಳಿಗಳನ್ನೂ ಸಾಲಾಗಿ ನಿಲ್ಲಿಸುತ್ತಾನೆ.

ಟೀಚರಮ್ಮ ಸಿಗರೇಟು ಕೊಟ್ಟಳು. ಒಂದೇ ಒಂದು ಎಳೆದೆ. ಕೆಮ್ಮಿ ಕೆಮ್ಮಿ ಸೆಟ್ಟು ಕಳಚಿತು. ಇಬ್ಬರೂ ನಕ್ಕೆವು.

ಆಗಸ್ಟ್ ೬, ಮಂಗಳವಾರ

ನೆರೆ ಬಂತು. ನದಿ ಕೆಂಪಗೆ, ದಪ್ಪಗೆ ಹರಿಯುತ್ತಿದೆ. ಒಡ್ಡಿನ ಮೇಲೆ ಊರಿನವರು ಕೊಡೆ ಹಿಡಿದು ಬಂದು ಭಯದಿಂದ ನೀರು ನೋಡುತ್ತಾರೆ. ಅವರ ಮನೆಗಳೆಲ್ಲ ಈಗ ನದಿಗಿಂತ ಕೆಳಗಿವೆ. ನಮ್ಮ ಸಾಲು ಒಡ್ಡಿನ ಎತ್ತರಕ್ಕೆ ಎದ್ದು ಬಂದಿದೆ, ಕಿಟಕಿಯಿಂದಲೇ ಊರಿನ ಮಾಳಿಗೆಗಳು ಕಾಣುತ್ತವೆ. ಅವರ ಒಳಉಡುಪುಗಳು ಇನ್ನೂ ತಂತಿಯ ಮೇಲಿವೆ.

ಇವತ್ತು ಎಲ್ಲರೂ ಹಗ್ಗದ ಹತ್ತಿರವೇ. ಬರೆಯಲು ಪುರುಸೊತ್ತಿಲ್ಲ.

ಆಗಸ್ಟ್ ೭, ಬುಧವಾರ

ಅಂಗೈ ತುಂಬ ಬೊಬ್ಬೆ, ಅಕ್ಷರ ಹೇಗೆ ಬಂದರೂ ಬರಲಿ.

ಮಧ್ಯಾಹ್ನ ನೀರು ಒಮ್ಮೆಲೇ ಏರಿತು. ತಮ್ಮ ಟೀಚರಮ್ಮನ ಗೂಟದ ಹತ್ತಿರ ಕೂತಿದ್ದ. ಒಂದು ಹೊತ್ತಿನಲ್ಲಿ ಎದ್ದು "ಮೇಲೆ ಹೋಗಿ ನೀರು ನೋಡ್ಕೊಂಡು ಬರ್ತೀನಿ" ಎಂದು ಹೊರಟ. ನೋಡಲು ಏನಿದೆ, ನೀರು ಅವನ ಕಾಲ ಕೆಳಗೇ ಇತ್ತು. ಅವನು ತಿರುಗಿದ್ದೇ ನಾನು ಓಡಿ ಒಂದು ಸುತ್ತು ಬಿಟ್ಟು, ಮಳೆಯಲ್ಲಿ ತೋಯ್ದು ಒಳಗೆ ಬಂದೆ. ತಲೆ ಒರೆಸಿಕೊಂಡು ಕಿಟಕಿಯಲ್ಲಿ ನೋಡುತ್ತೇನೆ, 'ಇಲ್ಲಿ ಮೂತ್ರ ವಿಸರ್ಜನೆ ಮಾಡಬಾರದು' ನನ್ನ ಕಡೆಗೇ ಬರುತ್ತಿದೆ.

ಟೀಚರಮ್ಮನ ಮನೆ ಸಾಲು ಬಿಟ್ಟು ನಡುನೀರಿಗೆ ಹೋಗಿ, ಹಗ್ಗ ಇದ್ದಷ್ಟೂ ಉದ್ದಕ್ಕೆ ಕೆಳಗಿಳಿದು, ನಮ್ಮ ಹಿಂಬದಿಗೆ ಬಂದು ಗುದ್ದಿತು. ಶಾಖಾ ಕಚೇರಿಯ ಸರಪಳಿಗಳು ಕಿತ್ತವು. ಅದು ಬಾಗಿಲು ಬಡಿದುಕೊಳ್ಳುತ್ತ, ಬೋರ್ಡಿನ ಸಮೇತ, ಸೇತುವೆಯ ಕಡೆಗೆ ಹೊರಟುಹೋಯಿತು. ಒಡ್ಡಿನ ಮೇಲಿದ್ದ ಊರಿನವರು ಅದಕ್ಕೆ ದಾರಿ ಬಿಟ್ಟವರ ಹಾಗೆ ಹಿಂದೆ ಸರಿದರು. ಈಗ ನಗು ಬರುತ್ತದೆ. ಆಗ ಬಂದಿರಲಿಲ್ಲ.

ಟೀಚರಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಕೂಗಲಿಲ್ಲ. "ವಾರ್ಡನ್, ಯಾರಾದ್ರೂ ಎಳೀರಿ," ಎಂದಳು, ಅಷ್ಟೇ. ಎಲ್ಲರೂ ಹಗ್ಗಕ್ಕೆ ಬಿದ್ದೆವು. ಮುಂದೆ ಮೆಕ್ಯಾನಿಕ್, ಹಿಂದೆ ಅಧ್ಯಕ್ಷ, ನಡುವೆ ನಾನು, ಇನ್ನೂ ಯಾರ್ಯಾರೋ. ಹಗ್ಗ ಹಿಂದಕ್ಕೆ ಜಾರುತ್ತಿತ್ತು. ನನ್ನ ಜೀವಮಾನದಲ್ಲಿ ಇಷ್ಟು ಹೆದರಿರಲಿಲ್ಲ. ತಮ್ಮ ಓಡಿ ಬಂದು ಬಲಗೈಗೆ ಹಗ್ಗ ಸುತ್ತಿಕೊಂಡ, ಮುಚ್ಚದ ಬೆರಳುಗಳನ್ನು ಎಡಗೈಯಿಂದ ಅದುಮಿ ಹಿಡಿದು ಹಿಂದಕ್ಕೆ ಬಾಗಿದ. ಎಲ್ಲರ ಎದುರಿಗೇ. ಎಳೆದು ತಂದು ಗೂಟಕ್ಕೆ ಹಾಕುವ ಹೊತ್ತಿಗೆ ಅವನ ಕೈ ಸುಲಿದು ಹೋಗಿತ್ತು, ಅವನಿಗೆ ಅದು ಗೊತ್ತೇ ಆಗಿರಲಿಲ್ಲ.

ಆಗಸ್ಟ್ ೮, ಗುರುವಾರ

ಬೆಳಿಗ್ಗೆ ಎಲ್ಲರೂ ಕ್ಷೌರಿಕನ ಬೆಂಚಿನ ಮೇಲೆ ಬಟ್ಟೆ ಒಣಗಿಸಿಕೊಳ್ಳುತ್ತಿದ್ದೆವು. ಹಗ್ಗ ಅಷ್ಟು ಉದ್ದ ಹೇಗೆ ಹೋಯಿತು ಎಂದು ಅಧ್ಯಕ್ಷ ಕೇಳಿದ.

"ನಾನೊಂದು ಸುತ್ತು ಬಿಟ್ಟೆ," ಎಂದೆ. ತಮ್ಮನ ಕಡೆ ನೋಡಲಿಲ್ಲ.

ಮೆಕ್ಯಾನಿಕ್ ಬಾಯಿ ತೆರೆದವನು ಮುಚ್ಚಲಿಲ್ಲ. "ನೀವು ಯಾಕೆ ಬಿಟ್ರಿ? ನಾನು ಬಿಟ್ಟಿದ್ನಲ್ಲ. ಹೋದ ವರ್ಷದಿಂದ ನಾನೇ ತಾನೇ ಬಿಡೋದು."

ಟೀಚರಮ್ಮ ಸಿಗರೇಟು ಆರಿಸಿದಳು. "ನನ್ನ ಮಂಚದ ಕೆಳಗೆ ಹಗ್ಗದ ಈ ತುದಿಯ ಸುರುಳಿ ಇದೆ. ಹೋದ ವರ್ಷದಿಂದ ಒಳಗಿಂದ್ಲೇ ನಾನೇ ಬಿಟ್ಕೋತೀನಿ. ಮನೆ ಯಾಕೋ ಜಾಸ್ತಿ ಅಲೆಯುತ್ತೆ ಅಂತಿದ್ದೆ, ಗಾಳಿ ಅಂದ್ಕೊಂಡಿದ್ದೆ."

ಸ್ವಂತ ಹಗ್ಗ ಮುಟ್ಟಿದವಳು. ಬೇರೆ ದಿನವಾಗಿದ್ದರೆ ಅಧ್ಯಕ್ಷ ಅವಳ ತಲೆ ಬೋಳಿಸುತ್ತಿದ್ದ. ಅವನು ಸುಮ್ಮನೆ ಕತ್ತರಿ ಒರೆಸುತ್ತಿದ್ದ. ತಮ್ಮನ ಕೈ ವಿಷಯ ಅವನಿಗೂ ಗೊತ್ತಿತ್ತು. ಇಡೀ ಸಾಲಿಗೆ ಗೊತ್ತಿತ್ತು. ಒಬ್ಬೊಬ್ಬರೂ ತಮಗೊಬ್ಬರಿಗೇ ಗೊತ್ತು ಎಂದುಕೊಂಡು, ತಮ್ಮನ ಮರ್ಯಾದೆ ಉಳಿಸಲು ಹೋಗಿ ಟೀಚರಮ್ಮನನ್ನು ಸಮುದ್ರಕ್ಕೆ ಕಳಿಸಿಬಿಡುತ್ತಿದ್ದೆವು. ಲೆಕ್ಕದ ಟೀಚರಿಗೇ ಈ ಲೆಕ್ಕ ಹೊಳೆದಿರಲಿಲ್ಲ.

ತಮ್ಮ ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದ. "ವರ್ಷ ಪೂರ್ತಿ ನಾನೇ ಬಿಡ್ತಿದೀನಿ ಅನ್ನೋ ಹಾಗೆ ಬಂದು ಕೂರ್ತಿದ್ನಲ್ಲ," ಎಂದ. "ನೀರೇ ಹಗ್ಗ ಎಳ್ಕೊಳ್ಳುತ್ತೆ ಅಂತ ಅಂದ್ಕೊಂಡಿದ್ದೆ. ಎಂಥ ಪೆದ್ದ." ಎದ್ದು ಹೋದ. ಅವನ ಬೆನ್ನು ನೋಡಲು ನನ್ನಿಂದಾಗಲಿಲ್ಲ.

ಆಗಸ್ಟ್ ೧೧, ಭಾನುವಾರ

ನೀರು ಇಳಿಯಿತು. ಇವತ್ತು ಸಭೆ. ತಮ್ಮ ಇಸ್ತ್ರಿ ಅಂಗಿ ಹಾಕಿಕೊಂಡು ಬಂದ, ಗುಂಡಿ ಒಂದು ಮೇಲೆ ಕೆಳಗಾಗಿತ್ತು.

"ನನ್ನ ಕೈ ಹೋಗಿದೆ," ಎಂದ ಎದ್ದು ನಿಂತು. "ಹೋದ ವರ್ಷಾನೇ ಹೇಳಬೇಕಿತ್ತು. ಟೀಚರಮ್ಮನ ಹಗ್ಗ ಬೇರೆಯೋರಿಗೆ ಕೊಡಿ. ನಾನು ಅಕ್ಕನ ಜೊತೆ ಹೋಗ್ತೀನಿ, ಮಾತು ಕೊಟ್ಟಿದೀನಿ."

ನಾನು ಬಂದದ್ದೇ ಈ ಒಂದು ಮಾತಿಗೆ. ಇಡೀ ಸಾಲಿನ ಎದುರು, ಅವನ ಬಾಯಿಂದಲೇ. ಖುಷಿಯಾಗಬೇಕಿತ್ತು. ಆಗಲಿಲ್ಲ.

"ಕೂತ್ಕೊ," ಎಂದೆ.

ಕೂತ. ಅವನ ಜೊತೆ ಇನ್ನಿಬ್ಬರೂ ಕೂತರು.

"ಹಿಡಿಯೋ ಕೈ ಇಲ್ಲದ ಮನೆ ಇರೋಹಾಗಿಲ್ಲ, ಒಪ್ಪಿದೆ," ಎಂದೆ ಅಧ್ಯಕ್ಷನಿಗೆ. "ಆ ಮನೇಲಿ ಕೈ ಇವೆ. ನನ್ನವು."

"ನೀವು ಹೋಗೋರಲ್ವಾ?"

"ಹೋಗೋಳೇ. ನೀರು ಇಳೀಲಿ ಅಂತಿದೀನಿ."

"ನೀರು ನಿನ್ನೆನೇ ಇಳೀತಲ್ಲ," ಎಂದ ಮೆಕ್ಯಾನಿಕ್. ಟೀಚರಮ್ಮ ಅವನ ಕಾಲು ತುಳಿದಳು.

ಅಧ್ಯಕ್ಷ ನನ್ನ ಅಂಗೈ ತೋರಿಸಿ ಎಂದ. ತೋರಿಸಿದೆ. ಬೊಬ್ಬೆಗಳನ್ನು ನೋಡಿ "ಇಷ್ಟು ಸಾಕು" ಎಂದು ಸಭೆ ಮುಗಿಸಿದ. ಇದು ತಾತ್ಕಾಲಿಕ ವ್ಯವಸ್ಥೆ. ಹೊಸ ಶಾಖಾ ಕಚೇರಿ ಕಟ್ಟುವವರೆಗಂತೂ ಯಾರಾದರೂ ಮೇಲ್ವಿಚಾರಣೆಗೆ ಇರಲೇಬೇಕು.

ಆಗಸ್ಟ್ ೧೨, ಸೋಮವಾರ

ಬೆಳಿಗ್ಗೆ ಎದ್ದರೆ ತಮ್ಮ ಬಾಗಿಲಲ್ಲಿ ಚೀಲ ಕಟ್ಟಿಕೊಂಡು ಕೂತಿದ್ದಾನೆ.

"ನಡಿ," ಎಂದ. "ಮಾತು ಅಂದ್ರೆ ಮಾತು."

"ನಾನು ಬಾ ಅಂದ್ರೆ ತಾನೇ? ನಾನು ಬಾ ಅನ್ನಲಿಲ್ವಲ್ಲ."

ಅವನಿಗೆ ಸಿಟ್ಟು ಬಂತು. ಚಿಕ್ಕಂದಿನಿಂದಲೂ ಸಿಟ್ಟು ಬಂದರೆ ಅವನ ಕಿವಿ ಕೆಂಪಾಗುತ್ತದೆ. "ಅವರೆಲ್ಲ ಒಂದು ವರ್ಷ ಕರುಣೆ ತೋರಿಸಿದ್ರು, ಈಗ ನಿನ್ನ ಸರದಿನಾ? ನನ್ನ ಸಲುವಾಗಿ ನೀನು ಈ ಡಬ್ಬೀಲಿ ಬಿದ್ದಿರೋದು ಬೇಡ ಅಕ್ಕ. ನಂಗೆ ಬೇಡ."

"ಡಬ್ಬಿ ಅನ್ಬೇಡ," ಎಂದೆ.

"ನೀನೇ ಅಂತಿದ್ದೆ."

ಅವನು ಚೀಲ ಎತ್ತಿಕೊಂಡು ಒಡ್ಡಿಗೆ ದಾಟುವ ಹಲಗೆಯ ಮೇಲೆ ಕಾಲಿಟ್ಟೇಬಿಟ್ಟ. ಬಾಯಿಗೆ ಬೇರೆ ಏನೂ ಬರಲಿಲ್ಲ, ಹೇಳಿಬಿಟ್ಟೆ. "ನಿನ್ನನ್ನ ಕರ್ಕೊಂಡು ಹೋಗೋಕೆ ಬಂದಿದ್ದು ನಿನ್ನ ಕೈಗೋಸ್ಕರ ಅಲ್ಲ ಕಣೋ. ಆ ಮೂರನೇ ಮಹಡೀಲಿ ನಂಗೆ ಒಬ್ಬಳಿಗೇ ಇರೋಕೆ ಆಗ್ತಿಲ್ಲ. ನಾನು ಸತ್ತು ಬಿದ್ದಿದ್ರೂ ಲಿಫ್ಟಲ್ಲಿ ಆರಾಮಾ ಅಂತಾರೆ ಅಲ್ಲಿ."

ಅವನು ಹಲಗೆಯ ಮಧ್ಯೆ ನಿಂತ. ಚೀಲ ಕೆಳಗಿಟ್ಟ.

"ಮೊದ್ಲೇ ಹೇಳೋಕೇನಾಗಿತ್ತು?" ಎಂದ.

ವಾದ ಗೆಲ್ಲಲು ಹಾಗೆಂದೆ, ಬೇರೇನಿಲ್ಲ. ಗೆದ್ದೆ. ಅವನು ಒಳಗೆ ಬಂದು ಎಡಗೈಯಿಂದ ಒಂದೊಂದೇ ಅಂಗಿ ತೆಗೆದು ಬಟ್ಟೆಗೂಡಿನ ಕೆಳಗಿನ ಹಲಗೆಯ ಮೇಲೆ ಜೋಡಿಸಿದ. ಮೇಲಿನ ಹಲಗೆಯನ್ನು ಒರೆಸಿ ಖಾಲಿ ಬಿಟ್ಟ. ನನ್ನ ಬಟ್ಟೆಗಳೆಲ್ಲ ಅಷ್ಟರಲ್ಲಿ ಹಿಡಿಯುವುದಿಲ್ಲ, ಇನ್ನೊಂದು ಹಲಗೆ ಬೇಕಾಗುತ್ತದೆ ಎಂದು ಅವನಿಗೆ ಹೇಳಿದ್ದೇನೆ.